ಮುತ್ಯಾನ ಚಾಕು ತೆರೆಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮುತ್ಯಾ ತೀರಿಕೊಂಡು ಎರಡು ವರ್ಷ ಆಯ್ತು. ಮೊನ್ನೆ ಅವರ ಟ್ರಂಕ್ ತೆಗೆದಾಗ ಮೂರು ಮಡಚುವ ಚಾಕು ಸಿಕ್ಕವು. ಒಂದರ ಮೇಲೆ ಜೋಸೆಫ್ ರಾಡ್ಜರ್ಸ್, ಶೆಫೀಲ್ಡ್ ಅಂತ ಇದೆ, ಒಂದು ನಕ್ಷತ್ರ, ಪಕ್ಕದಲ್ಲಿ ಶಿಲುಬೆಯಂಥ ಗುರುತು. ಹಿಡಿ ಕಪ್ಪು ಕೊಂಬಿನದು. ಜಂಗು ಹಿಡಿದು ಪೂರ್ತಿ ಜಾಮ್ ಆಗಿದೆ. ಎರಡನೇದಕ್ಕೆ ಹಳದಿ ಪ್ಲಾಸ್ಟಿಕ್ ಥರದ ಹಿಡಿ, ಅಲ್ಲಲ್ಲಿ ಬಿರುಕು, ಮೂಗಿಗೆ ಹಿಡಿದರೆ ಕರ್ಪೂರದ ಜೊತೆ ಹುಳಿ ಘಾಟು. ಮೂರನೇದು ಕೆಂಪು ಸ್ವಿಸ್ ಚಾಕು, ತೆರೆಯುತ್ತದೆ, ಒಳಗೆ ತುಂಬಾ ಕೊಳೆ. ಒಬ್ಬರು ನಿಂಬೆರಸದಲ್ಲಿ ರಾತ್ರಿಯೆಲ್ಲ ನೆನೆಹಾಕು ಅಂತಾರೆ. ಇನ್ನೊಬ್ಬರು ಸಾಣೆಯವರಿಗೆ ಕೊಡು, ಹೊಸದರಂತೆ ಮಾಡಿಕೊಡ್ತಾರೆ ಅಂತಾರೆ. ನನಗೆ ಶೋಕೇಸಿಗೆ ಬೇಡ. ಮುತ್ಯಾನ ಥರ ಜೇಬಲ್ಲಿಟ್ಟುಕೊಂಡು ಪೇರಲಹಣ್ಣು ಕೊಯ್ಯೋಕೆ ಬೇಕು. ಏನು ಮಾಡಲಿ?

ಉತ್ತರ: ನಿಂಬೆರಸವೂ ಬೇಡ, ಸಾಣೆ ಚಕ್ರವೂ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಒಂದು ಕೆಲಸ ಇವತ್ತೇ ಮಾಡಿ. ಆ ಹಳದಿ ಹಿಡಿಯ ಚಾಕನ್ನು ಉಳಿದೆರಡರಿಂದ ಬೇರೆ ಇಡಿ.

ನೀವು ಹೇಳಿದ ವಾಸನೆ, ಬಿರುಕು ನೋಡಿದರೆ ಅದು ಸೆಲ್ಯುಲಾಯ್ಡ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಹದ ಮಾಡಿ, ಕರ್ಪೂರ ಬೆರೆಸಿ ಮಾಡುತ್ತಿದ್ದ ಹಳೇ ಕಾಲದ ಪ್ಲಾಸ್ಟಿಕ್ ಅದು. ಬರೀ ಕರ್ಪೂರದ ವಾಸನೆ ಇದ್ದರೆ ಚಿಂತೆ ಇಲ್ಲ, ಆ ವಸ್ತುವಿನ ವಾಸನೆಯೇ ಹಾಗೆ. ಆದರೆ ಹುಳಿ ಘಾಟು ಬಂತು ಅಂದರೆ ಹಿಡಿ ಒಳಗಿನಿಂದ ಕೆಡುತ್ತಿದೆ, ಆಮ್ಲದ ಗಾಳಿ ಬಿಡುತ್ತಿದೆ ಅಂತ ಅರ್ಥ. ಆ ಗಾಳಿ ತನ್ನ ಅಲಗನ್ನಷ್ಟೇ ಅಲ್ಲ, ಅದೇ ಪೆಟ್ಟಿಗೆಯಲ್ಲಿರುವ ಪಕ್ಕದ ಚಾಕುಗಳ ಉಕ್ಕನ್ನೂ ತಿನ್ನುತ್ತದೆ. ನಿಮ್ಮ ರಾಡ್ಜರ್ಸ್ ಇಷ್ಟು ಕೆಟ್ಟಿದ್ದರೆ ಪಕ್ಕದಲ್ಲಿದ್ದ ಈ ಹಿಡಿಯ ಪಾಲೂ ಅದರಲ್ಲಿ ಇರಬಹುದು. ಇನ್ನೊಂದು ವಿಷಯ, ಸೆಲ್ಯುಲಾಯ್ಡಿಗೆ ಬೇಗ ಬೆಂಕಿ ಹತ್ತುತ್ತದೆ. ತಗಡಿನ ಮನೆ, ತಗಡಿನ ಟ್ರಂಕು, ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲು, ಇವು ಮೂರೂ ಅದಕ್ಕೆ ಆಗಿಬರಲ್ಲ. ಗಾಳಿಯಾಡುವ ತಣ್ಣನೆ ಜಾಗದಲ್ಲಿ, ಮುಚ್ಚಳ ಇಲ್ಲದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಉಜ್ಜುವ ಮಷಿನ್ ಹತ್ತಿರವೂ ತರಬೇಡಿ, ಕಿಡಿ ತಾಕಿದರೆ ಸಾಕು. ನಿಜ ಹೇಳಬೇಕೆಂದರೆ ಅದನ್ನು ಜೇಬಿಗೆ ಇಳಿಸುವ ಆಸೆ ಬಿಡಿ. ಕೆಡಲು ಶುರುವಾದ ಸೆಲ್ಯುಲಾಯ್ಡನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಹಿಡಿ ಬಿಚ್ಚಿಸಿ ಬೇರೆ ಹಿಡಿ ಹಾಕಿಸಬಹುದು, ಅದು ಚಾಕು ಮಾಡುವವರ ಕೈಯ ಕೆಲಸ.

ಈಗ ರಾಡ್ಜರ್ಸ್. ಶೆಫೀಲ್ಡ್ ಅಂದರೆ ಇಂಗ್ಲೆಂಡಿನ ಉಕ್ಕಿನ ಊರು. ನಕ್ಷತ್ರ ಮತ್ತು ಶಿಲುಬೆ ಆ ಕಂಪನಿಯ ಹಳೇ ಗುರುತು. ನಮ್ಮ ದೇಶದಲ್ಲಿ ಆ ಹೆಸರಿಗೆ ಎಷ್ಟು ಬೆಲೆ ಇತ್ತೆಂದರೆ ನಕಲುಗಳೂ ಬಂದವು. ಹಾಗಾಗಿ ಅಕ್ಷರಗಳನ್ನು ಲೆನ್ಸ್ ಹಿಡಿದು ನಿಧಾನವಾಗಿ ಓದಿ. ಇಂಗ್ಲೆಂಡ್ ಅನ್ನುವ ಪದವೂ ಇದ್ದರೆ ಅದು ಸಾಮಾನ್ಯವಾಗಿ 1891ರ ಆಚೆಯದು. ಹೊರಗಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಆಗ ಕಾನೂನು ಮಾಡಿತು, ಶೆಫೀಲ್ಡಿನವರು ಅಚ್ಚಿಗೇ ಸೇರಿಸಿಬಿಟ್ಟರು. ಕಿರೀಟದ ಎರಡು ಬದಿಗೆ ವಿ ಮತ್ತು ಆರ್ ಇದ್ದರೆ ಅದು ವಿಕ್ಟೋರಿಯಾ ರಾಣಿಯ ಗುರುತು, ಜಿ ಮತ್ತು ಆರ್ ಇದ್ದರೆ ಜಾರ್ಜ್ ದೊರೆಯದು. ನಮ್ಮ ಬಳ್ಳಾರಿ 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿ ಇಲ್ಲಿ ದಂಡು ಬೀಡುಬಿಟ್ಟಿತ್ತು, ನಿಮ್ಮ ಗಂಗಾವತಿ ಕಡೆ ನಿಜಾಮರ ಆಡಳಿತ. ನನ್ನ ಮೇಜಿಗೆ ಬರುವ ಹಳೇ ಶೆಫೀಲ್ಡ್ ಚಾಕುಗಳಲ್ಲಿ ಕೌಲ್ ಬಜಾರ್, ಕಂಟೋನ್ಮೆಂಟ್ ಕಡೆಯ ಮನೆಗಳವೇ ಜಾಸ್ತಿ. ಅದಕ್ಕೇ ಗಂಗಾವತಿಯಿಂದ ಒಂದು ಬಂತು ಅಂದಾಗ ನನಗೆ ಖುಷಿಯಾಯ್ತು.

ಈ ಗುರುತು ಇರುವ ಜಾಗವನ್ನು, ಅಂದರೆ ಅಲಗಿನ ಬುಡವನ್ನು, ಕೊನೆಯವರೆಗೂ ಉಜ್ಜಬೇಡಿ. ಅಕ್ಷರ ಅಳಿಸಿದರೆ ಚಾಕಿನ ಹೆಸರೇ ಹೋದಂತೆ.

ಸ್ಟೇನ್‌ಲೆಸ್ ಉಕ್ಕನ್ನು ಹ್ಯಾರಿ ಬ್ರೇರ್ಲಿ ಅನ್ನುವವರು ಮಾಡಿದ್ದು ಇದೇ ಶೆಫೀಲ್ಡಿನಲ್ಲಿ, 1913ರಲ್ಲಿ. ಹಿಂದಿನವೆಲ್ಲ ಕಾರ್ಬನ್ ಉಕ್ಕು. ಜಂಗು ಬೇಗ ಹಿಡಿಯುತ್ತದೆ, ಆದರೆ ಮನೆಯ ಕಲ್ಲಿನ ಮೇಲೆ ಮಸೆದರೂ ಬೇಗ ಹರಿತ ಬರುತ್ತದೆ. ನಿಮ್ಮದು ಅದೇ ಇರಬೇಕು. ಅಂಥ ಉಕ್ಕನ್ನು ನಿಂಬೆರಸದಲ್ಲೋ ವಿನೆಗರಿನಲ್ಲೋ ಮುಳುಗಿಸಿಟ್ಟರೆ ಜಂಗು ಕರಗುವುದು ನಿಜ. ಆದರೆ ಆಮ್ಲ ಅಲ್ಲಿಗೇ ನಿಲ್ಲುವುದಿಲ್ಲ, ಒಳ್ಳೇ ಉಕ್ಕನ್ನೂ ತಿನ್ನುತ್ತದೆ. ಅಲಗು ತಿರುಗುವ ಕೀಲಿನ ಸಂದಿಗೆ, ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗಿನ ಹಿಂದಕ್ಕೆ ಇಳಿದು ಕೂರುತ್ತದೆ. ತೊಳೆದರೂ ಪೂರ್ತಿ ಹೋಗಲ್ಲ. ಎರಡು ತಿಂಗಳ ಮೇಲೆ ಸ್ಪ್ರಿಂಗ್ ಪಟ್ ಅಂತ ಮುರಿದಾಗ ಕಾರಣವೇ ಗೊತ್ತಾಗಲ್ಲ. ಮೂಳೆಯ ಹಿಡಿ ಆದರಂತೂ ಆಮ್ಲ ಅದರ ಸುಣ್ಣವನ್ನೇ ಕರಗಿಸುತ್ತದೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿದಂತೆ ಇದಕ್ಕೂ ಹಚ್ಚೋಣ ಅನ್ನುವವರಿದ್ದಾರೆ. ಚೊಂಬಿಗೆ ಕೀಲಿಲ್ಲ, ಸ್ಪ್ರಿಂಗ್ ಇಲ್ಲ, ಅಲ್ವಾ?

ಜಾಮ್ ಬಿಡಿಸುವ ಕೆಲಸಕ್ಕೆ ಬೇಕಿರೋದು ತೆಳು ಎಣ್ಣೆ ಮತ್ತು ನಾಲ್ಕೈದು ದಿನ. ಹೊಲಿಗೆ ಮಷಿನ್ ಎಣ್ಣೆ ಸಾಕು. ಜಂಗು ಬಿಡಿಸುವ ಸ್ಪ್ರೇ ಸಿಕ್ಕರೆ ಅದೂ ಆಗುತ್ತದೆ, ಹಿಡಿಗೆ ಬಿದ್ದದ್ದನ್ನು ತಕ್ಷಣ ಒರೆಸಿಬಿಡಿ. ಮನೆಯ ಅಡುಗೆ ಎಣ್ಣೆ ಮಾತ್ರ ಬೇಡ. ನಮ್ಮ ಕಡೆ ಕೈಗೆ ಸಿಗೋದು ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ, ಅದಕ್ಕೇ ಬಣ್ಣ, ವಾರ್ನಿಷ್ ಮಾಡಲೂ ಅದನ್ನು ಬಳಸುತ್ತಾರೆ. ಶೇಂಗಾ ಎಣ್ಣೆ ಅಷ್ಟು ಬೇಗ ಅಲ್ಲದಿದ್ದರೂ ದಿನ ಕಳೆದಂತೆ ಜಿಗುಟಾಗುತ್ತದೆ. ನನ್ನ ಹತ್ತಿರ ಬರುವ ಜಾಮ್ ಚಾಕುಗಳಲ್ಲಿ ಎಷ್ಟೋ ಸಲ ಜಂಗು ಕಡಿಮೆ ಇರುತ್ತದೆ, ಒಳಗೆ ಗೋಂದಿನಂತೆ ಗಟ್ಟಿಯಾದ ಹಳೇ ಎಣ್ಣೆಯೇ ಜಾಸ್ತಿ ಇರುತ್ತದೆ. ಪ್ರೀತಿಯಿಂದ ವರ್ಷಾ ವರ್ಷಾ ಹಾಕಿದ ಎಣ್ಣೆ ಅದು.

ಚಾಕನ್ನು ಒಂದು ಲೋಟದಲ್ಲಿ ಕೀಲಿನ ಬದಿ ಮೇಲೆ ಮಾಡಿ ನಿಲ್ಲಿಸಿ. ಕೀಲಿನ ಎರಡು ಪಕ್ಕದ ಸಂದಿಗೆ ಎರಡೆರಡು ಹನಿ ಎಣ್ಣೆ ಬಿಡಿ. ಸ್ಪ್ರಿಂಗಿನ ಬೆನ್ನಿನ ಸಂದಿಗೂ ಒಂದು ಹನಿ. ಹಾಗೇ ಬಿಡಿ. ಮರುದಿನ ಮತ್ತೆ ಎರಡು ಹನಿ. ಮೂರನೇ ದಿನ ಮತ್ತೆ. ಈ ಮೂರು ದಿನ ತೆರೆಯಲು ನೋಡಲೇಬೇಡಿ, ಕೈ ತುರಿಸಿದರೂ ಬೇಡ. ಬಿಸಿಲಿಗಿಟ್ಟರೆ ಎಣ್ಣೆ ಬೇಗ ಇಳಿಯುತ್ತದೆ ಅಂತ ಇಡಬೇಡಿ, ಕೊಂಬು ಒಣಗಿ ಸೊಟ್ಟಗಾಗುತ್ತದೆ, ಸೀಳುತ್ತದೆ. ಬಿಸಿ ನೀರಿಗೆ ಹಾಕುವುದೂ ಅಷ್ಟೇ ಕೆಟ್ಟದ್ದು. ಬಾಚಣಿಗೆ ಮಾಡುವವರು ಕೊಂಬನ್ನು ಬಿಸಿ ಮಾಡಿಯೇ ಬಗ್ಗಿಸುತ್ತಿದ್ದದ್ದು.

ನಾಲ್ಕನೇ ದಿನ ಪ್ರಯತ್ನಿಸಿ. ಅಲಗಿನ ಮೇಲೆ ಉಗುರು ಸಿಕ್ಕಿಸುವ ಒಂದು ಗೀರು ಇರುತ್ತದೆ. ಅಲ್ಲಿಗೆ ಇಕ್ಕಳ ಹಾಕಿ ಎಳೆಯುವುದೇ ಜನ ಮಾಡುವ ದೊಡ್ಡ ತಪ್ಪು. ಗೀರಿನ ಅಂಚು ಮುರಿಯುತ್ತದೆ, ಕೆಲವೊಮ್ಮೆ ಅಲಗೇ ಮುರಿಯುತ್ತದೆ. ಬದಲಿಗೆ ಎರಡು ತುಂಡು ದಪ್ಪ ಚರ್ಮದ ನಡುವೆ ಅಲಗಿನ ಬೆನ್ನನ್ನು ಹಿಡಿದು ಬೆರಳಿನಿಂದಲೇ ಮೆಲ್ಲಗೆ ಎತ್ತಿ. ಕೂದಲೆಳೆಯಷ್ಟು ಅಲುಗಿದರೆ ಸಾಕು, ನಿಲ್ಲಿಸಿ. ಕಪ್ಪು ಕೆಸರಿನಂಥದ್ದು ಹೊರಗೆ ಬರುತ್ತದೆ. ಒರೆಸಿ, ಇನ್ನೊಂದು ಹನಿ ಹಾಕಿ, ಹಿಂದಕ್ಕೆ ಒತ್ತಿ, ಮತ್ತೆ ಎತ್ತಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಪೂರ್ತಿ ತೆರೆಯುತ್ತದೆ. ಅಲುಗಲೇ ಇಲ್ಲವಾದರೆ ಇನ್ನೂ ಮೂರು ದಿನ ಎಣ್ಣೆ. ಹತ್ತು ದಿನ ಕಾದ ಚಾಕೂ ನನ್ನ ಹತ್ತಿರ ಇದೆ. ಒಂದು ಎಚ್ಚರಿಕೆ: ಸ್ಪ್ರಿಂಗ್ ಬಿಟ್ಟುಕೊಂಡಾಗ ಅಲಗು ಒಮ್ಮೆಗೇ ಹಾರುತ್ತದೆ, ಮುಚ್ಚುವಾಗಲೂ ಹಾಗೇ. ಅಲಗಿನ ಬಾಯಿ, ಅಂದರೆ ಹರಿತ ಅಂಚು, ಹೋಗುವ ದಾರಿಯಲ್ಲಿ ಬೆರಳು ಇರಕೂಡದು.

ತೆರೆದ ಖುಷಿಗೆ ಹತ್ತು ಸಲ ಮುಚ್ಚಿ ತೆರೆದು ಮಾಡಬೇಡಿ. ಒಳಗಿರುವ ಜಂಗಿನ ಪುಡಿ ಉಪ್ಪುಕಾಗದದಂತೆ ಕೀಲನ್ನು ಸವೆಸುತ್ತದೆ. ಮೊದಲು ಒಳಗಿನ ಗಾಡಿ, ಅಂದರೆ ಅಲಗು ಕೂರುವ ಸಂದಿ, ಅದನ್ನು ಪೊರಕೆ ಕಡ್ಡಿಯಿಂದ ಕೆರೆದು ತೆಗೆಯಿರಿ. ಕಬ್ಬಿಣದ ಸೂಜಿ ಬೇಡ, ಗೀರಾಗುತ್ತದೆ. ಅಲ್ಲಿ ಏನೇನು ಸಿಗುತ್ತದೆ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಅಂಗಿ ಜೇಬಿನ ನೂಲು, ಎಲೆ ಅಡಿಕೆಯ ಪುಡಿ, ಹತ್ತಿಯ ಎಳೆ, ಪೆನ್ಸಿಲ್ ಕೆತ್ತಿದ ಪುಡಿ. ರಾಯಚೂರಿನ ಹತ್ತಿ ಮಾರ್ಕೆಟ್‌ನಲ್ಲಿ ಕೆಲಸ ಮಾಡಿದವರೊಬ್ಬರ ಚಾಕಿನೊಳಗೆ ಬತ್ತಿಯಷ್ಟು ದಪ್ಪ ಹತ್ತಿ ಸಿಕ್ಕಿತ್ತು. ಅದನ್ನು ಅವರ ಮಗನಿಗೆ ಒಂದು ಕಾಗದದಲ್ಲಿ ಮಡಚಿ ಕೊಟ್ಟೆ, ಅವರು ಅದನ್ನೂ ಜೋಪಾನ ಮಾಡಿದ್ದಾರೆ. ಸಂದಿ ಖಾಲಿ ಆದ ಮೇಲೆ ಅದೇ ತೆಳು ಎಣ್ಣೆಯನ್ನು ಧಾರಾಳವಾಗಿ ಬಿಟ್ಟು ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ.

ಇನ್ನು ಅಲಗಿನ ಮೇಲಿನ ಜಂಗು. ಎರಡು ಬಣ್ಣ ಬೇರೆ ಬೇರೆ ಗುರುತಿಸಿ. ಕೆಂಪಗೆ, ಪುಡಿಪುಡಿಯಾಗಿ ಏಳುವುದು ಜಂಗು, ಅದು ಹೋಗಬೇಕು. ಬೂದು ಅಥವಾ ಕಪ್ಪಾಗಿ, ನುಣ್ಣಗೆ, ಉಕ್ಕಿಗೇ ಅಂಟಿದಂತೆ ಇರುವುದು ಬಳಕೆಯಿಂದ ಬಂದ ಬಣ್ಣ. ಅದು ಇರಲಿ. ಮಾವು, ನಿಂಬೆ, ಈರುಳ್ಳಿ ಕೊಯ್ದು ಕೊಯ್ದು ಕಾರ್ಬನ್ ಉಕ್ಕಿಗೆ ಬರುವ ಪದರ ಅದು, ಜಂಗು ಬೇಗ ಹಿಡಿಯದಂತೆ ಸ್ವಲ್ಪ ತಡೆಯುತ್ತದೆ. ಕನ್ನಡಿಯಂತೆ ಹೊಳೆಸಬೇಕು ಅನ್ನುವ ಆಸೆಗೆ ಅದನ್ನೆಲ್ಲ ಉಜ್ಜಿ ತೆಗೆಯುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ನಿಮ್ಮ ಮುತ್ಯಾ ವರ್ಷಗಟ್ಟಲೆ ಹಣ್ಣು ಕೊಯ್ದಿದ್ದು ಆ ಬಣ್ಣದಲ್ಲಿದೆ. ಕೆಂಪು ಜಂಗಿಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮರುದಿನ ತಾಮ್ರದ ಹಳೇ ಕಾಸಿನ ಅಂಚಿನಿಂದ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಜಂಗು ಏಳುತ್ತದೆ, ಉಕ್ಕಿಗೆ ಗೀರು ಬೀಳಲ್ಲ. ಅಷ್ಟಕ್ಕೂ ಬಿಡದ ಕಡೆ ಮಾತ್ರ 1000 ನಂಬರಿನ ವಾಟರ್ ಪೇಪರ್, ಅಂದರೆ ನುಣ್ಣನೆ ಉಪ್ಪುಕಾಗದ, ಅದಕ್ಕೂ ಎಣ್ಣೆ ಹಾಕಿ, ಗುರುತಿನ ಜಾಗ ಬಿಟ್ಟು, ಬುಡದ ಕಡೆಯಿಂದ ತುದಿಗೆ ಒಂದೇ ದಿಕ್ಕಿನಲ್ಲಿ. ಕೊನೆಗೆ ನುಣುಪು ಬೇಕಿದ್ದರೆ ನಿಮ್ಮೂರಲ್ಲೇ ಒಳ್ಳೇ ಸಾಮಾನಿದೆ. ಗಂಗಾವತಿಯ ರೈಸ್ ಮಿಲ್‌ಗಳಲ್ಲಿ ಸಿಗುವ ಭತ್ತದ ಹೊಟ್ಟಿನ ಬೂದಿ. ಅದರಲ್ಲಿ ಸಿಲಿಕಾ ಜಾಸ್ತಿ. ಬಟ್ಟೆಯಲ್ಲಿ ಜರಡಿ ಹಿಡಿದು, ಎಣ್ಣೆಯಲ್ಲಿ ಕಲಸಿ ಉಜ್ಜಿದರೆ ಚೆನ್ನಾಗಿ ಬರುತ್ತದೆ. ಕೀಲಿನೊಳಗೆ ಹೋಗದಂತೆ ಮೊದಲೇ ಬಟ್ಟೆ ಸುತ್ತಿಕೊಳ್ಳಿ. ಜಂಗು ತಿಂದು ಹಳ್ಳ ಬಿದ್ದಿದ್ದರೆ ಹಳ್ಳ ಹಾಗೇ ಇರಲಿ. ಅದನ್ನು ಸಮ ಮಾಡಲು ಹೊರಟರೆ ಅರ್ಧ ಅಲಗು ಹೋಗುತ್ತದೆ.

ಸಾಣೆ ಚಕ್ರದ ಮಾತು ಈಗ. ಸೈಕಲ್ ಮೇಲೆ ಸಾಣೆ ತರುವವರ ಮೇಲೆ ನನಗೆ ಗೌರವ ಇದೆ. ಕತ್ತರಿ, ಮಚ್ಚು, ಈಳಿಗೆಮಣೆಗೆ ಅವರ ಕೈ ಬೇಕೇ ಬೇಕು. ಆದರೆ ಹಳೇ ಜೇಬು ಚಾಕಿನ ಅಲಗು ಕಾಗದದಷ್ಟು ತೆಳು. ಒಣ ಚಕ್ರಕ್ಕೆ ತಾಗಿಸಿದರೆ ಅಂಚು ಕ್ಷಣದಲ್ಲಿ ಕಾಯುತ್ತದೆ. ಕಾರ್ಬನ್ ಉಕ್ಕನ್ನು ಗಟ್ಟಿ ಮಾಡಿದ ಮೇಲೆ ಸುಮಾರು 200ರಿಂದ 250 ಡಿಗ್ರಿ ಶಾಖದಲ್ಲಿ ಹದ ಮಾಡಿರುತ್ತಾರೆ. ಅದನ್ನು ಮೀರಿ 300ರ ಹತ್ತಿರ ಹೋದರೆ ಅಂಚು ನೀಲಿಯಾಗುತ್ತದೆ. ನೀಲಿಯಾದರೆ ಆ ಜಾಗದ ಗಟ್ಟಿತನ ಹೋಯಿತು. ಆಮೇಲೆ ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡು. ಇದು ನಾನು ಓದಿ ಕಲಿತದ್ದಲ್ಲ. ನಮ್ಮ ಅಪ್ಪನ ಚಾಕನ್ನು ಹೀಗೆ ಹಾಳು ಮಾಡಿದವನು ನಾನೇ. ಆಗ ಫಿಟ್ಟರ್ ಕೆಲಸಕ್ಕೆ ಸೇರಿದ ಹೊಸತು, ಗ್ರೈಂಡರ್ ಕೈಗೆ ಸಿಕ್ಕ ಹುರುಪು. ಎರಡು ನಿಮಿಷದಲ್ಲಿ ಅಂಚು ನೀಲಿ, ಬುಡದ ಅಕ್ಷರವೂ ಮಾಯ. ಅಪ್ಪ ಏನೂ ಅನ್ನಲಿಲ್ಲ, ಚಾಕು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಆ ಚಾಕು ಈಗಲೂ ನನ್ನ ಮೇಜಿನ ಮೇಲಿದೆ. ಯಾರಾದರೂ ಹಳೇ ಚಾಕು ತಂದರೆ ಮೊದಲು ಅದನ್ನು ತೋರಿಸುತ್ತೇನೆ. ತೆಗೆದ ಉಕ್ಕು ವಾಪಸ್ ಬರಲ್ಲ, ಅದಕ್ಕೇ ಎಣ್ಣೆ ಮೊದಲು, ಉಜ್ಜುವುದು ಕೊನೆಗೆ.

ಮಸೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾರ್ಬೊರಂಡಮ್ ಕಲ್ಲು ಸಾಕು, ಒಂದು ಬದಿ ಒರಟು, ಇನ್ನೊಂದು ನುಣ್ಣಗೆ ಇರುವಂಥದ್ದು. ಬಾಯಿ ಮುಕ್ಕಾಗಿದ್ದರೆ ಮಾತ್ರ ಒರಟು ಬದಿ. ಕಲ್ಲಿಗೆ ನೀರು ಹಾಕಿ. ಓರೆ ಎಷ್ಟಿರಬೇಕು ಅನ್ನೋದೇ ಎಲ್ಲರ ಗೊಂದಲ. ಒಂದು ರೂಪಾಯಿಯ ಮೂರು ನಾಣ್ಯ ಒಂದರ ಮೇಲೊಂದಿಟ್ಟು, ಅದರ ಮೇಲೆ ಅಲಗಿನ ಬೆನ್ನನ್ನು ಒರಗಿಸಿ ನೋಡಿ. ಅರ್ಧ ಇಂಚು ಅಗಲದ ಅಲಗಿಗೆ ಅದು ಹೆಚ್ಚು ಕಡಿಮೆ 20 ಡಿಗ್ರಿ. ಹಣ್ಣು, ದಾರ, ಬೇವಿನ ಕಡ್ಡಿ ಕೊಯ್ಯಲು ಅಷ್ಟು ಬೇಕಾದಷ್ಟಾಯಿತು. ಆ ಎತ್ತರ ಕೈಗೆ ನೆನಪಾದ ಮೇಲೆ ನಾಣ್ಯ ತೆಗೆದುಬಿಡಿ. ಕಲ್ಲಿನ ಮೇಲಿಂದ ತೆಳುವಾಗಿ ಪದರ ಕೊಯ್ಯುವಂತೆ ಅಲಗನ್ನು ಮುಂದಕ್ಕೆ ತಳ್ಳಿ, ಬುಡದಿಂದ ತುದಿವರೆಗೆ. ಭಾರ ಹಾಕಬೇಡಿ. ಒಂದೇ ಬದಿಯನ್ನು ಮಸೆಯುತ್ತಾ ಹೋದರೆ ಆಚೆ ಬದಿಯ ಅಂಚಿನಲ್ಲಿ ಕೂದಲಿನಂಥ ತಂತಿ ಏಳುತ್ತದೆ, ಬೆರಳನ್ನು ಬೆನ್ನಿನಿಂದ ಅಂಚಿನ ಕಡೆ ಅಡ್ಡಡ್ಡ ಎಳೆದರೆ ಒರಟಾಗಿ ತಾಗುತ್ತದೆ. ಅದು ಬುಡದಿಂದ ತುದಿವರೆಗೂ ಬಂತಾ, ಆಗ ಬದಿ ಬದಲಿಸಿ. ತಂತಿ ಏಳುವ ಮೊದಲೇ ಬದಿ ಬದಲಿಸುವುದರಿಂದಲೇ ಗಂಟೆಗಟ್ಟಲೆ ಮಸೆದರೂ ಎಷ್ಟೋ ಜನರಿಗೆ ಹರಿತ ಬರಲ್ಲ. ಕೊನೆಗೆ ನುಣ್ಣನೆ ಬದಿಯಲ್ಲಿ ಬದಿಗೊಂದು ಸಲದಂತೆ ಹಗುರಾಗಿ ಎಳೆದು, ಆಮೇಲೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದೆ ಮಾಡಿ ಇಪ್ಪತ್ತು ಸಲ ಹಿಂದಕ್ಕೆ ಎಳೆಯಿರಿ. ಹಿಂದೆ ಹಜಾಮರ ಅಂಗಡಿಯಲ್ಲಿ ಕತ್ತಿಯನ್ನು ಪಟ್ಟಿಗೆ ಎಳೆಯುತ್ತಿದ್ದರಲ್ಲ, ಹಾಗೆ. ಮಾಗಿದ ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಇಟ್ಟು ಎಳೆದರೆ ಇಳಿಯಬೇಕು.

ಹರಿತ ಆದ ಮೇಲೆ ಮುಚ್ಚಿ ನೋಡಿ. ಇದನ್ನು ಜನ ಮರೆಯುತ್ತಾರೆ. ಅಲಗಿನ ಬುಡದಲ್ಲಿ, ಬಾಯಿ ಶುರುವಾಗುವ ಮೊದಲು, ಒಂದು ಸಣ್ಣ ಉಬ್ಬು ಇರುತ್ತದೆ. ಮುಚ್ಚಿದಾಗ ಅದು ಸ್ಪ್ರಿಂಗಿನ ಮೇಲೆ ಕೂತು, ಬಾಯಿ ಸ್ಪ್ರಿಂಗಿಗೆ ಬಡಿಯದಂತೆ ತಡೆಯುತ್ತದೆ. ಮುಚ್ಚಿದ ಮೇಲೆ ತುದಿ ಹಿಡಿಯಿಂದ ಹೊರಗೆ ಇಣುಕುತ್ತಿದ್ದರೆ ಜೇಬೂ ಹರಿಯುತ್ತದೆ, ಬೆರಳೂ ಕೊಯ್ಯುತ್ತದೆ. ಆಗ ಆ ಉಬ್ಬನ್ನು ಸಣ್ಣ ಅರದಿಂದ ಎರಡೇ ಎರಡು ಸಲ ಎಳೆದು ಮತ್ತೆ ಮುಚ್ಚಿ ನೋಡಬೇಕು. ಜಾಸ್ತಿ ಎಳೆದರೆ ಬಾಯಿ ಸ್ಪ್ರಿಂಗಿಗೆ ಬಡಿದು ಪ್ರತಿ ಸಲ ಮುಚ್ಚಿದಾಗಲೂ ಮೊಂಡಾಗುತ್ತದೆ. ಅದನ್ನು ಸರಿ ಮಾಡಲು ಬರಲ್ಲ, ಸಂದಿಯೊಳಗೆ ತೆಳು ಚರ್ಮ ಅಂಟಿಸಿ ನಿಭಾಯಿಸಬೇಕಾಗುತ್ತದೆ.

ಅಲಗು ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಬಿಟ್ಟುಬಿಡಿ. ರಿವೆಟ್ ತಲೆಗೆ ಸುತ್ತಿಗೆಯಿಂದ ತಟ್ಟಿ ಬಿಗಿ ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಹಳೇ ಕೊಂಬು ಆ ಪೆಟ್ಟಿಗೇ ಸೀಳುವುದನ್ನು ಕಣ್ಣಾರೆ ನೋಡಿದ್ದೇನೆ, ಮೊದಲ ಚಾಕಿನ ಮೇಲೆ ಕಲಿಯುವ ಕೆಲಸ ಅಲ್ಲ. ಸ್ಪ್ರಿಂಗ್ ಮುರಿದಿದ್ದರೂ ಹಾಗೇ, ಗೊತ್ತಿದ್ದವರಿಗೆ ಕೊಡಿ. ತೆರೆದಾಗ ಅಲಗು ಟಕ್ ಅಂತ ಗಟ್ಟಿಯಾಗಿ ಕೂರದೆ ಸಡಿಲವಾಗಿ ಬಾಗುತ್ತಿದ್ದರೆ ಬಳಸಬೇಡಿ, ಬೆರಳಿನ ಮೇಲೇ ಮುಚ್ಚಿಕೊಳ್ಳುತ್ತದೆ.

ಹಿಡಿಗೆ ಹೆಚ್ಚೇನೂ ಬೇಡ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಒಣಗಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಸವರಿ. ಬಾಟಲಿ ತಂದಿಟ್ಟುಕೊಳ್ಳಿ, ಹಣ್ಣು ಕೊಯ್ಯುವ ಅಲಗಿಗೂ ಅದೇ ಸರಿ. ಜಿಗುಟಾಗಲ್ಲ, ಹೊಟ್ಟೆಗೆ ಹೋದರೂ ತೊಂದರೆ ಇಲ್ಲ, ಮಲಬದ್ಧತೆಗೆ ಕೊಡುವ ಔಷಧಿಯೇ ಅದು. ಕೊಂಬಿನ ಸೀಳು ಕಂಡರೆ ಅರಾಲ್ಡೈಟ್ ತುಂಬಿ ಒಂದು ದಿನ ಬಿಡಿ. ನಿಮ್ಮದು ಕಪ್ಪು ಅಂದಿದ್ದೀರಿ, ನುಣ್ಣಗೂ ಇದ್ದರೆ ಎಮ್ಮೆ ಅಥವಾ ದನದ ಕೊಂಬು ಇರಬೇಕು. ಒರಟಾಗಿ, ಕಂದು ಗೆರೆ ಇರುವ ಹಿಡಿ ಆಗಿದ್ದರೆ ಬೇರೆ ಮಾತು, ಅದು ಕಡವೆ ಕೊಂಬು. ಶೆಫೀಲ್ಡಿನವರು ಅದನ್ನು ನಮ್ಮ ದೇಶದಿಂದಲೇ ತರಿಸಿಕೊಳ್ಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಅಂಥದ್ದನ್ನು ಮಾರುವುದು, ಕೊಳ್ಳುವುದು ಅಪರಾಧ. ಅಂಥ ಹಿಡಿ ಮನೆಯಲ್ಲಿ ಸಿಕ್ಕವರು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಕೆಂಪು ಸ್ವಿಸ್ ಚಾಕಿನದು ಸುಲಭ. ಸ್ಟೇನ್‌ಲೆಸ್ ಆದ್ದರಿಂದ ನೀರಿಗೆ ಹೆದರಬೇಕಿಲ್ಲ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಹಾಕಿ, ಅದರೊಳಗೇ ಒಂದೊಂದು ಅಲಗನ್ನೂ ಹತ್ತಾರು ಸಲ ತೆರೆದು ಮುಚ್ಚಿ ಮಾಡಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿ ತಿಕ್ಕಿ, ಜಾಡಿಸಿ ಒಣಗಿಸಿ, ಕೀಲಿಗೊಂದು ಹನಿ ಎಣ್ಣೆ. ಮುಗೀತು. ಕೆಂಪು ಹಿಡಿ ಒಡೆದಿದ್ದರೆ ಹೊಸದು ಸಿಗುತ್ತದೆ, ಬಹಳಷ್ಟು ಮಾದರಿಗಳಲ್ಲಿ ಒತ್ತಿ ಕೂರಿಸುವಂಥದ್ದೇ ಇರುತ್ತದೆ.

ಬಳಸಲು ಶುರು ಮಾಡಿದ ಮೇಲೆ ರಾಡ್ಜರ್ಸ್‌ಗೆ ಒಂದೇ ನಿಯಮ. ಹಣ್ಣು ಕೊಯ್ದ ತಕ್ಷಣ ಒರೆಸಿ, ಒದ್ದೆ ಇದ್ದಾಗ ಮಡಚಬೇಡಿ. ಅಂಗಿ ಚುಂಗಿಗೆ ಒರೆಸಿದರೂ ಸಾಕು, ನಿಮ್ಮ ಮುತ್ಯಾನೂ ಹಾಗೇ ಮಾಡುತ್ತಿದ್ದಿರಬೇಕು. ಮೊದಲ ವಾರ ಹಣ್ಣಿನ ರಸಕ್ಕೆ ಅಲಗು ನೀಲಿ, ಬೂದು ಅಂತ ಬಣ್ಣ ತಿರುಗುತ್ತದೆ, ಗಾಬರಿಯಾಗಿ ಉಜ್ಜಬೇಡಿ. ಭತ್ತದ ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಸವರಿ. ಚರ್ಮದ ಚೀಲದಲ್ಲಿ ಹಾಕಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಟ್ಟರೆ ಅಲ್ಲೇ ಕಿತ್ತುಕೊಳ್ಳುತ್ತಾರೆ, ಲಗೇಜಿಗೆ ಹಾಕುವ ಚೀಲದಲ್ಲಿ ಇಡಿ ಅಥವಾ ಮನೆಯಲ್ಲೇ ಬಿಟ್ಟು ಹೋಗಿ.

ನಾಲ್ಕು ದಿನ ಎಣ್ಣೆ ಹಾಕಿದ ಮೇಲೂ ಅಲುಗಲಿಲ್ಲ ಅಂದರೆ ಬಲ ಹಾಕುವ ಮೊದಲು ನನಗೆ ಬರೆಯಿರಿ. ಕೀಲಿನ ಎರಡೂ ಬದಿಯ ಫೋಟೊ ಬೆಳಕಿನಲ್ಲಿ ತೆಗೆದು ಕಳಿಸಿ, ಜೊತೆಗೆ ಆ ನಕ್ಷತ್ರದ ಗುರುತಿನದೂ ಒಂದು.